ಬಲಗಾಲಿನ ಆಂಟಿ

ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮೂಳೆ ಡಾಕ್ಟರು. ರೋಗಿಗಳ ಎರಡೂ ಕಾಲು ರಿಪೇರಿ ಮಾಡುತ್ತಿದ್ದರು; ನಂಬುತ್ತಿದ್ದುದು ಮಾತ್ರ ಬಲಗಾಲನ್ನು. ಯಾರು ಹೊಸ ಕಾರು ಹತ್ತಿದರೂ, "ಬಲಗಾಲಿಟ್ಟು ಹತ್ತಪ್ಪಾ" ಎನ್ನುತ್ತಿದ್ದರು.

ಒಮ್ಮೆ ಅವರ ಜೊತೆ ಕ್ರೂಸ್‌ಗೆ ಹೋಗಿದ್ದೆ. ಮ್ಯಾಕಿನಾ ದ್ವೀಪ ಬಂದಾಗ ಹಡಗು ದೂರದಲ್ಲೇ ನಿಂತಿತು. ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ದೋಣಿಯಿಂದ ಕೈ ಚಾಚಿದ ನಾವಿಕ, "ಲೆಫ್ಟ್ ಫುಟ್ ಫಸ್ಟ್, ಮ್ಯಾಮ್" ಎಂದ.

"ನೋ. ರೈಟ್."

"ಲೆಫ್ಟ್, ಮ್ಯಾಮ್."

ಹಿಂದಿದ್ದ ಸಾಲು ಗೊಣಗತೊಡಗಿತು. ಆಂಟಿ ಕಣ್ಣು ಮುಚ್ಚಿ ಹಾರಿಯೇಬಿಟ್ಟರು. ದೋಣಿಯೊಳಗೆ ಉರುಳಿ ಬಿದ್ದರು; ಜೊತೆಗೆ ನಾವಿಕನೂ ಉರುಳಿದ.

ಆಂಟಿ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತ ನನ್ನನ್ನು ಕೇಳಿದರು: "ಬಲಗಾಲೇ ತಾನೆ ಮೊದ್ಲು ತಗುಲಿದ್ದು?"

"ಹೌದು ಆಂಟಿ" ಎಂದೆ.

ತಗುಲಿದ್ದು ಕಾಲಲ್ಲ, ಅಂಡು. ಆದರೂ ನಾನು ಪೂರ್ತಿ ಸುಳ್ಳೇನೂ ಹೇಳಲಿಲ್ಲ: ಬಲಗಡೆಯದೇ.