ಮೌನವ್ರತದ ಮನೆ

ನನ್ನ ತಂಗಿ ಸತ್ತದ್ದು ನಾರ್ತ್ ಕೆರೊಲಿನಾದ ಒಂದು ಹಳೆಯ ಫಾರ್ಮ್‌ಹೌಸಿನಲ್ಲಿ, ಜನವರಿಯ ಚಳಿಯಲ್ಲಿ, ತಾನು ನಂಬಿದ ಜನರ ನಡುವೆ. ಆ ದಿನ ಆ ಮನೆಯಲ್ಲಿದ್ದವರು ಯಾರೂ ಉಳಿಯಲಿಲ್ಲ. ಟಿವಿಯವರು ಅದನ್ನು ಕಲ್ಟ್ ಎಂದರು. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಸಾಮೂಹಿಕ ಆತ್ಮಹತ್ಯೆ ಎಂದು ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಸ್ವಲ್ಪ ಹೊತ್ತಿಗೆ ಯಾರೋ ಅದೇ ಗುಂಪಿನಲ್ಲಿ ಬೇಸ್‌ಮೆಂಟ್ ಬಾಡಿಗೆಗಿದೆ ಎಂದು ಹಾಕಿದರು.

ತಂಗಿಗೆ ಒಬ್ಬಳೇ ಮಗಳು. ಈ ದೇಶದಲ್ಲೇ ಹುಟ್ಟಿದವಳು, ಅಟ್ಲಾಂಟಾದಲ್ಲಿ ಕೆಲಸದಲ್ಲಿದ್ದಾಳೆ. ಅಂತ್ಯಕ್ರಿಯೆಗೆ ಬಂದಳು, ಹೇಳಿದ ಕಡೆ ನಿಂತಳು, ಹೇಳಿದ್ದನ್ನು ಮಾಡಿದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು ನನ್ನನ್ನು ಕೇಳಿದಳು:

"ದೊಡ್ಡಮ್ಮ, ಅಮ್ಮ ಸಾಯ್ಬೇಕು ಅಂತಾನೇ ಹೋದ್ಲಾ?"

ನನಗೆ ಗೊತ್ತಿಲ್ಲ ಎಂದೆ.

"ಗೊತ್ತಾದ್ರೆ ಕಾಲ್ ಮಾಡಿ," ಎಂದು ಹೊರಟುಹೋದಳು. ಆಮೇಲೆ ನಾನು ಊಟ ಆಯಿತಾ ಎಂದು ಕೇಳಲು ಮಾಡಿದ ಫೋನುಗಳನ್ನು ಎತ್ತಲಿಲ್ಲ. ಬೇರೆ ಮಾತು ಅವಳಿಗೆ ಬೇಕಿರಲಿಲ್ಲ.

ಓದಿದವರು ಹೇಗೆ ಇಂಥದ್ದಕ್ಕೆ ಬೀಳುತ್ತಾರೆ ಎಂದು ಜನ ಕೇಳುತ್ತಾರೆ. ನಾನು ಅಷ್ಟು ಓದಿದವಳಲ್ಲ, ಕೊಲಂಬಿಯಾ ಎಂಬ ಊರಿನ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಆದರೆ ತಂಗಿ ಹೇಗೆ ಅಲ್ಲಿಗೆ ಹೋದಳು ಎಂಬುದನ್ನು ನೋಡಿದ್ದೇನೆ. ೨೦೨೦ರಲ್ಲಿ ಅವಳ ಗಂಡ ಕೋವಿಡ್‌ನಿಂದ ಹೋದರು. ಕೊನೆಯ ಸಲ ಅವರನ್ನು ಅವಳು ನೋಡಿದ್ದು ನರ್ಸ್ ಹಿಡಿದ ಐಪ್ಯಾಡಿನಲ್ಲಿ. ಆಶ್‌ಬರ್ನ್‌ನ ಟೌನ್‌ಹೌಸಿನಲ್ಲಿ ಅವಳು ಒಬ್ಬಳೇ ಉಳಿದಳು. ಯಾರೂ ಯಾರ ಮನೆಗೂ ಕಾಲಿಡದ ಕಾಲ. ನಾನು ಒಂದು ಗಂಟೆಯ ದಾರಿಯಲ್ಲಿದ್ದೆ, ನಮ್ಮ ಮನೆಯಲ್ಲಿ ನನ್ನವರಿಗೂ ಜ್ವರ.

ಆಗ ಅವಳ ಬಾಗಿಲಿಗೆ ಬಂದವರು ಒಂದು ಸತ್ಸಂಗದವರು. ಬಿಸಿ ಸಾರು, ಅನ್ನ, ಒಂದು ಪಲ್ಯ ಬಾಗಿಲಲ್ಲಿಟ್ಟು ಬೆಲ್ ಒತ್ತಿ, ಡ್ರೈವ್‌ವೇಯ ಕೊನೆಗೆ ಹೋಗಿ ನಿಲ್ಲುತ್ತಿದ್ದರಂತೆ. ಅವಳು ಬಾಗಿಲು ತೆರೆದು ಕೈ ಬೀಸುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಸಂಜೆ ಜೂಮ್‌ನಲ್ಲಿ ಪಾರಾಯಣ. ಹಿರಿಯರೊಬ್ಬರನ್ನು ಎಲ್ಲರೂ ಗುರೂಜಿ ಎನ್ನುತ್ತಿದ್ದರು. ಅವರೂ ಮೊದಲು ಇವರೆಲ್ಲರ ಹಾಗೆ ಕಂಪ್ಯೂಟರ್ ಕೆಲಸದಲ್ಲಿದ್ದವರೇ. ಅವರು ಏರಿದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವರನ್ನು ದ್ವೇಷಿಸಲು ನಾನು ಬಹಳ ಕಾರಣ ಹುಡುಕಿದ್ದೇನೆ. ಸಿಕ್ಕಿದ್ದು ಮುಂದೆ ಬರುತ್ತದೆ.

ಆಮೇಲೆ ಅವರೆಲ್ಲ ಸೇರಿ ಆ ಫಾರ್ಮ್‌ಹೌಸ್ ಕೊಂಡರು. ಕೆಲಸ ಹೇಗೂ ಮನೆಯಿಂದಲೇ, ಲ್ಯಾಪ್‌ಟಾಪ್ ಎಲ್ಲಿಟ್ಟರೇನು? ತಂಗಿ ಮನೆ ಮಾರಿ ಅಲ್ಲಿಗೆ ಹೋದಳು. ಒಂದು ಬೇಸಿಗೆಯಲ್ಲಿ ನಾನು ನೋಡಿಬಂದೆ. ಬದನೆ, ಟೊಮೆಟೊ ಸಾಲು, ಮದುವೆಮನೆಯಲ್ಲಿರುವಷ್ಟು ದೊಡ್ಡ ಪಾತ್ರೆಗಳು. ಗಂಡ ಹೋದ ಮೇಲೆ ಮೊದಲ ಸಲ ಅವಳು ನಗುವುದನ್ನು ಅಲ್ಲೇ ನೋಡಿದೆ.

"ನೀನೂ ಬಂದ್ಬಿಡೇ ಅಕ್ಕ," ಎಂದಳು, ಸೌಟು ಕೈಯಲ್ಲಿ ಹಿಡಿದೇ. "ಭಾವನ ಗೊರಕೆನಾದ್ರೂ ತಪ್ಪುತ್ತೆ."

ಆ ಮನೆಯ ಬೇಸ್‌ಮೆಂಟಿನ ಹಾಲಿನಲ್ಲಿ ದಿನವೂ ಹೋಮ. ಚಾವಣಿಯಲ್ಲಿ, ಹೊಗೆ ಕಂಡರೆ ಕಿರುಚುವ ಅಲಾರ್ಮ್ ಇದ್ದ ಕಡೆ ದುಂಡನೆಯ ಬಿಳಿ ಗುರುತು ಮಾತ್ರ ಉಳಿದಿತ್ತು. ನನಗೆ ಅದು ವಿಚಿತ್ರವೆನಿಸಲಿಲ್ಲ, ನಮ್ಮ ಯಾರಿಗೂ ಅನಿಸುವುದಿಲ್ಲ. ಇಲ್ಲಿ ಗೃಹಪ್ರವೇಶವೆಂದರೆ ಪುರೋಹಿತರು ಬರುವ ಮುಂಚೆ ಯಾರಾದರೂ ಸ್ಟೂಲ್ ಹತ್ತಿ ಅಲಾರ್ಮಿಗೆ ಶವರ್ ಕ್ಯಾಪ್ ಕಟ್ಟುತ್ತಾರೆ, ಇಲ್ಲವೇ ಬಿಚ್ಚಿ ಡ್ರಾಯರಿಗೆ ಹಾಕುತ್ತಾರೆ. ಆಶ್‌ಬರ್ನ್‌ನಲ್ಲಿ ಒಮ್ಮೆ ಮರೆತು, ಗಣಹೋಮದ ನಡುವೆ ಫೈರ್ ಎಂಜಿನ್ ಬಂದಿತ್ತು. ಅವರಿಗೆಲ್ಲ ಕೇಸರಿಬಾತ್ ಕೊಟ್ಟು ಕಳಿಸಿದ ಕಥೆಯನ್ನು ತಂಗಿ ಪ್ರತಿ ಸಮಾರಂಭದಲ್ಲೂ ಹೇಳುತ್ತಿದ್ದಳು. ಹೊಗೆಯ ಅಲಾರ್ಮ್ ಬೇರೆ, ಇದ್ದಿಲು ಉರಿದಾಗ ಬರುವ ಆ ವಿಷಗಾಳಿಯ ಅಲಾರ್ಮ್ ಬೇರೆ ಎಂದು ನಮಗೆಲ್ಲಿ ಗೊತ್ತು? ಕಿರುಚುವುದು ಯಾವುದಿದ್ದರೂ ಬಿಚ್ಚುವುದೇ.

ಆ ಕೌಂಟಿಯ, ಅಂದರೆ ಜಿಲ್ಲೆಯ, ಅಧಿಕಾರಿಯೊಬ್ಬರು ಫೋನಿನಲ್ಲಿ ಸಮಾಧಾನವಾಗಿ ವಿವರಿಸಿದರು. ಯಾರೂ ವಿಷ ಕುಡಿದಿರಲಿಲ್ಲ. ಚಳಿಗೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಹೋಮಕುಂಡದಲ್ಲಿ ಇದ್ದಿಲು ಆರದಂತೆ ದಿನಗಟ್ಟಲೆ ಉರಿದಿತ್ತು. ಅದರ ವಿಷಗಾಳಿ ಒಳಗೇ ತುಂಬಿಕೊಂಡಿತ್ತು; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಮ್ಮ ಪ್ರಕಾರ ಇದು ಅಪಘಾತ ಎಂದರು. ಒಳಗಿದ್ದವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು ತಾವು ಹೇಳಲಾರೆವು ಎಂದೂ ಸೇರಿಸಿದರು. ತಂಗಿಯ ಮಗಳು ಕೇಳಿದ್ದು ಅದೊಂದನ್ನೇ.

ಹೇಳಬಲ್ಲವರು ಒಬ್ಬರಿದ್ದರು. ಸಾವಿನ ಹಿಂದಿನ ದಿನ ಆ ಬೇಸ್‌ಮೆಂಟಿನಿಂದ ಎದ್ದುಬಂದ ಒಬ್ಬ ಅಂಕಲ್. ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ಮುಗಿದದ್ದರಿಂದ ಹೊರಟಿದ್ದರು. ಈಗ ಅಟ್ಲಾಂಟಾದ ಹೊರವಲಯದಲ್ಲಿ ಮಗನ ಮನೆಯಲ್ಲಿದ್ದರು, ಯಾರೊಂದಿಗೂ ಮಾತಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ ಅವರ ಸೊಸೆ ಬೇಡ ಎಂದಳು. ಮರುವರ್ಷ ವಸಂತದಲ್ಲಿ ಅವಳೇ ಫೋನ್ ಮಾಡಿದಳು. ಮಾವ ಮಾತಾಡುತ್ತಾರಂತೆ, ಆದರೆ ಜಾಸ್ತಿ ಹೊತ್ತು ಬೇಡ ಆಂಟಿ, ಎಂದಳು. ನಾನು ವಿಮಾನ ಹತ್ತಿದೆ.

ಅವರು ಹಿತ್ತಲಿನ ಮರದ ಡೆಕ್ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಮುಖ ನೋಡದೆ ಹೇಳುತ್ತಾ ಹೋದರು. ಅದು ಮೌನವ್ರತದ ವಾರ. ಫೋನುಗಳನ್ನು ಆಫ್ ಮಾಡಿ ಮೇಲಿನ ಕೋಣೆಯಲ್ಲಿಟ್ಟಿದ್ದರು. ಬೇಕಾದದ್ದನ್ನು ಕೈಸನ್ನೆಯಲ್ಲಿ ಕೇಳಬೇಕು. ಗುರೂಜಿ ವ್ರತ ಹಿಡಿಯುವ ಮುಂಚೆ ಹೇಳಿದ್ದರಂತೆ, ದೇಹ ತಕರಾರು ಮಾಡುತ್ತದೆ, ತಲೆ ಸಿಡಿಯುತ್ತದೆ, ವಾಂತಿ, ನಿದ್ದೆ ಬರುತ್ತದೆ, ಅದು ಒಳಗಿನ ಹಳೆಯ ಕೊಳೆ ಹೋಗುವ ರೀತಿ, ಹೆದರಬೇಡಿ ಎಂದು. ಹಿಂದಿನ ವ್ರತಗಳಲ್ಲಿ, ಉಪವಾಸದಿಂದಲೋ ಏನೋ, ಒಬ್ಬಿಬ್ಬರಿಗೆ ಹಾಗೆ ಆಗಿತ್ತು. ಈ ಸಲ ಎಲ್ಲರಿಗೂ ಆಯಿತು.

"ತಲೆನೋವು ಶುರುವಾದಾಗ ನಂಗೆ ಖುಷಿ ಆಯ್ತಮ್ಮ," ಎಂದರು. "ಸದ್ಯ, ನಂಗೂ ಆಗ್ತಿದೆಯಲ್ಲ ಅಂತ."

ಕಾರಿನ ಗಾಜು ಇಳಿಸಿ ಡ್ರೈವ್ ಮಾಡುತ್ತಿದ್ದಾಗ ಅವರ ತಲೆನೋವು ಇಳಿಯಿತಂತೆ. ವ್ರತ ಬಿಟ್ಟು ಬಂದೆ, ಕೃಪೆಯೂ ಬಿಟ್ಟುಹೋಯಿತು ಎಂದು ದಾರಿಯಲ್ಲಿ ಅತ್ತರಂತೆ. ಮರುದಿನ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೌನವಲ್ಲವೇ, ಎತ್ತುವುದಿಲ್ಲ ಎಂದುಕೊಂಡರು.

ನಾನು ತಂಗಿಯ ವಿಷಯ ಕೇಳಿದೆ. ಒಳಗಿಂದ ಸೊಸೆ ಬಾಗಿಲಿಗೆ ಬಂದು ನೋಡಿ ಹೋದಳು.

"ನಾನು ಹೊರಡೋಕೆ ಸ್ವಲ್ಪ ಮುಂಚೆ ಅವರು ಎದ್ದು ಬೇಸ್‌ಮೆಂಟಿಂದ ಹಿತ್ತಲಿಗಿರೋ ಬಾಗಿಲು ತೆಗೆದ್ರು," ಎಂದರು. "ಹೊಸ್ತಿಲಲ್ಲಿ ನಿಂತು ಗಾಳಿ ತಗೊಂಡ್ರು. ನೋಡಿದೆ ನಾನು."

ಆ ಬಾಗಿಲ ಪಕ್ಕದಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಗಾಳಿ ಬಡಿದಿದ್ದಕ್ಕೆ ಅವರು ನಡುಗಿ, ಸೆರಗು ಬಿಗಿಮಾಡಿಕೊಂಡು, ಚಳಿ ಎಂದು ಕೈಸನ್ನೆ ಮಾಡಿದರು. ತಂಗಿ ತನ್ನ ಶಾಲು ತೆಗೆದು ಅವರಿಗೆ ಹೊದಿಸಿದಳು. ಬಾಗಿಲು ಹಾಕಿದಳು. ತನ್ನ ಜಾಗಕ್ಕೆ ಬಂದು ಕೂತಳು.

ಅವಳಿಗೆ ಏನಾದರೂ ಅನುಮಾನ ಬಂದಿತ್ತೇ ಎಂದು ಕೇಳಿದೆ.

"ಬಂದಿದ್ರೆ ಆ ಅಜ್ಜಿನ ಎತ್ಕೊಂಡೇ ಹೊರಗೆ ಹೋಗಿರೋರು," ಎಂದರು. "ಬಾಯಿ ಬಿಡೋ ಹಾಗಿದ್ದಿದ್ರೆ ಒಬ್ಬರಿಗೊಬ್ಬರು ತಲೆನೋವು ಅಂತಾದ್ರೂ ಅಂತಿದ್ವಿ. ಆಗ ಯಾರಿಗಾದ್ರೂ ಹೊಳೀತಿತ್ತೇನೋ."

ಅವರ ಮನೆಯ ಮುಂದೆ ನಿಂತು ತಂಗಿಯ ಮಗಳಿಗೆ, "ಗೊತ್ತಾಯಿತು" ಎಂದು ಮೆಸೇಜ್ ಹಾಕಿದೆ. ಉತ್ತರವಾಗಿ ವಿಳಾಸ ಬಂತು. ದಾರಿಯುದ್ದಕ್ಕೂ ಬಾಗಿಲು ಹಾಕಿದ್ದನ್ನು ಬಿಟ್ಟು ಹೇಳಲೇ ಎಂದು ಯೋಚಿಸಿದೆ. ಅಪಘಾತ, ಅವಳಿಗೆ ಗೊತ್ತಿರಲಿಲ್ಲ, ಅಷ್ಟು ಹೇಳಿದರೆ ಸಾಕಾಗುತ್ತಿತ್ತು. ಆದರೆ ಅವಳು ಕೇಳಿ ಕಾದಿದ್ದಳು. ಅವಳ ಅಪಾರ್ಟ್‌ಮೆಂಟಿನಲ್ಲಿ ನೀರು ಕುಡಿದು, ಎಲ್ಲವನ್ನೂ ಹೇಳಿದೆ. ಅವಳು ಅಡುಗೆಕಟ್ಟೆಗೆ ಒರಗಿ ನಿಂತೇ ಕೇಳಿದಳು.

"ಸೋ, ಆ ಅಜ್ಜಿಗೆ ಚಳಿ ಅಂತ?"

"ಹೌದು ಪುಟ್ಟ."

"ಅಮ್ಮಂಗೆ ಗೊತ್ತಿರ್ಲಿಲ್ಲ."

"ಇರ್ಲಿಲ್ಲ."

ಅವಳಿಗೆ ಸಮಾಧಾನವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿ ಇಂಗ್ಲಿಷಿನಲ್ಲಿ ಏನೋ ಬೇಗಬೇಗ ಹೇಳಿದಳು, ನನಗೆ ಪೂರ್ತಿ ತಿಳಿಯಲಿಲ್ಲ. ಮುಖ ನೋಡಿ ಅವಳಿಗೂ ಅದು ಗೊತ್ತಾಯಿತು. ಕನ್ನಡದಲ್ಲಿ ತಡೆತಡೆದು ಹೇಳಿದಳು:

"ಬೇಕು ಅಂತ ಹೋಗಿದ್ರೆ ನಾನು ಆಂಗ್ರಿ ಆಗಿ ಇರ್ತಿದ್ದೆ, ದೊಡ್ಡಮ್ಮ. ಅದು ಈಸಿ. ಈಗ ಏನ್ ಮಾಡ್ಲಿ?"

ಅವಳು ಹಾಗೇ ಜಾರಿ ನೆಲದ ಮೇಲೆ ಕೂತಳು, ನಾನೂ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಅಳು ಬಂದಾಗ ಅದು ಅಳುವಿನ ಹಾಗಿರಲಿಲ್ಲ, ಉಸಿರು ಸಿಗದವರ ಹಾಗಿತ್ತು. ನನ್ನ ವಿಮಾನದ ಹೊತ್ತು ಮೀರಿತು.

ಮುಖ ಒರೆಸಿಕೊಂಡ ಮೇಲೆ, ಇನ್ನೊಂದು ಸಲ ಹೇಳಿ, ಮೊದಲಿಂದ, ಎಂದಳು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವಳಮ್ಮ ಹೊಸ್ತಿಲಲ್ಲಿ ನಿಂತ ಕಡೆ ಬಂದಾಗ ಅವಳು ನನ್ನ ಮಣಿಕಟ್ಟು ಹಿಡಿದಳು. ನಾನು ಅಲ್ಲಿ ನಿಲ್ಲಿಸಿದೆ. ಮುಂದೆ ಹೇಳಿ ಎಂಬಂತೆ ಅವಳು ಕೈ ಅಲುಗಿಸಿದಳು. ಬಾಗಿಲು ಹಾಕಿದಳು ಎಂದು ಹೇಳಿದೆ.