ಕೊರಿಯಾದ ಪರವಾಗಿ ಕೊಡೆಕಡ್ಡಿ ಕೇಳಿದ್ದು

ಸೆಕ್ರೆಟರಿ ಸಾಹೇಬರು ಒಳಗೆ ಕರೆಯುತ್ತಾರೆ ಎಂದು ಪ್ಯೂನ್ ಬಂದು ಹೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಕೆಮ್ಮು. ಅದನ್ನು ಹಿಂದಿನ ದಿನವಷ್ಟೇ ಕ್ಯಾಂಟೀನಿನಲ್ಲಿ ಕೆಮ್ಮಿ ತೋರಿಸಿದ್ದೆ. ಮೊದಲು ಗಂಟಲು ಕೆರೆದು, ಕರವಸ್ತ್ರ ಹುಡುಕಿ, ಅದು ಸಿಗುವಷ್ಟರಲ್ಲಿ ಕೆಮ್ಮು ಮುಗಿದುಹೋಗಿ, ಖಾಲಿ ಕರವಸ್ತ್ರವನ್ನೇ ಬಾಯಿಗೆ ಹಿಡಿದು ‘ಎಂತ ಮಾರಾಯಾ’ ಎನ್ನುವುದು ಅವರ ಕ್ರಮ. ನಕ್ಕವರಲ್ಲಿ ಯಾರೋ ಪುಣ್ಯಾತ್ಮ ಹೋಗಿ ಊದಿರಬೇಕು. ಕೆಲಸ ಹೋಯಿತು ಎಂದುಕೊಂಡೇ ಬಾಗಿಲು ತಳ್ಳಿದೆ.

ದಾದರಿನಲ್ಲಿದ್ದ ಆ ಆಫೀಸು ವ್ಯಾಪಾರಿಗಳು ಮತ್ತು ಕಾರ್ಖಾನೆಯವರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಘದ್ದು. ನಾನಲ್ಲಿ ಸ್ಟೆನೊ. ಎಪ್ಪತ್ನಾಲ್ಕನೆಯ ಇಸವಿ, ಕೆಲವೇ ವರ್ಷಗಳ ಹಿಂದಿನ ಮಾತು. ಸಯನ್‌ನ ಚಾಳಿನಲ್ಲಿ ಅವ್ವನ ಜೊತೆ ಮನೆ, ಬೆಳಿಗ್ಗೆ ಲೋಕಲ್, ಸಂಜೆ ಲೋಕಲ್, ನಡುವೆ ಟೈಪ್‌ರೈಟರ್. ನನ್ನ ಹತ್ತಿರ ಇದ್ದ ಒಂದೇ ಐಶ್ವರ್ಯವೆಂದರೆ ಬೇರೆಯವರ ದನಿ. ಟಿಕೆಟ್ ಚೆಕರ್‌ನಿಂದ ಹಿಡಿದು ನಮ್ಮ ಚಾಳಿನ ಮಾಲೀಕನವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ನನ್ನನ್ನೇ ನಾನು ಅಣಕಿಸಿಕೊಳ್ಳುವುದೂ ಇತ್ತು: ಸಂಬಳ ಹೆಚ್ಚು ಮಾಡಿ ಎಂದು ಕೇಳಲು ಹೋಗಿ ‘ಫ್ಯಾನ್ ಸರಿಯಾಗಿ ತಿರುಗ್ತದಲ್ರೀ ಸರ್?’ ಎಂದು ಕೇಳಿ ವಾಪಸು ಬರುವ ನಾನು.

ಸಾಹೇಬರು ಉಡುಪಿ ಕಡೆಯವರು. ತಲೆ ಎತ್ತದೆ ಕೇಳಿದರು: “ನೀನು ನನ್ನ ಹಾಗೆ ಕೆಮ್ಮುತ್ತೀಯಂತೆ?”

“ಇಲ್ರೀ ಸರ್. ಅದು ನೆಗಡಿ ಆಗಿತ್ರಿ.”

“ಸುಳ್ಳು ಹೇಳ್ಬೇಡ ಮಾರಾಯಾ. ಚಂದ ಮಾಡ್ತೀಯಂತೆ. ಕೂತುಕೋ. ಕೊರಿಯಾದವನ ಹಾಗೆ ಮಾಡ್ಲಿಕ್ಕೆ ಬರ್ತದಾ ನಿನಗೆ?”

ಕುಳಿತುಕೊಂಡೆ.

ವಿಷಯ ಇದು. ಏಷ್ಯಾದ ಕೆಲವು ದೇಶಗಳು ತಮ್ಮ ತಮ್ಮೊಳಗೆ ಸುಂಕ ಇಳಿಸಿಕೊಳ್ಳುವ ಒಪ್ಪಂದಕ್ಕೆ ಬ್ಯಾಂಕಾಕಿನಲ್ಲಿ ಮಾತಿಗೆ ಕೂರಲಿದ್ದವು. ಹೋಗುವ ಮೊದಲು ದಿಲ್ಲಿಯವರು ದೇಶದ ಸಂಘಗಳಿಗೆಲ್ಲ ಬರೆದು ಎರಡು ಪಟ್ಟಿ ಕೇಳಿದ್ದರು. ಯಾವ ಸಾಮಾನಿನ ಮೇಲೆ ಬೇರೆ ದೇಶದವರು ಸುಂಕ ಇಳಿಸಬೇಕು, ಇದು ಬೇಡಿಕೆಯ ಪಟ್ಟಿ. ಯಾವುದರ ಮೇಲೆ ನಾವು ಇಳಿಸಬಹುದು, ಇದು ಕೊಡುಗೆಯ ಪಟ್ಟಿ. ಮೊದಲನೆಯದನ್ನು ಟೈಪ್ ಮಾಡಿ ನನ್ನ ಬೆರಳು ಬಾತುಕೊಂಡಿದ್ದವು. ಎರಡನೆಯದಕ್ಕೆ ಹಾಳೆ ಏರಿಸಿ ಕೂತದ್ದೇ ಬಂತು. ಸದಸ್ಯರ ಮೀಟಿಂಗಿನಲ್ಲಿ ಒಬ್ಬೊಬ್ಬರೂ ದೇಶಕ್ಕಾಗಿ ತ್ಯಾಗ ಮಾಡಲು ಸಿದ್ಧರಿದ್ದರು, ಪಕ್ಕದವರ ಸಾಮಾನನ್ನು. ಬೀಗ ಮಾಡುವವರು ಬ್ಯಾಟರಿ ಕೊಡಿ ಎಂದರು. ಬ್ಯಾಟರಿಯವರು ಬೀಗ ಕೊಡಿ ಎಂದರು.

ಈಗ ದಿಲ್ಲಿಯ ಅಧಿಕಾರಿಯೊಬ್ಬರು ಮುಂಬಯಿಗೆ ಬಂದು, ಹೊರಡುವ ಮುನ್ನ ನಮ್ಮಲ್ಲಿ ಒಂದು ರಿಹರ್ಸಲ್ ನಡೆಸುವವರಿದ್ದರು. ಮೇಜಿನ ಒಂದು ಕಡೆ ಭಾರತ, ಇನ್ನೊಂದು ಕಡೆ ಎದುರು ದೇಶ. ಕೊರಿಯಾ ಆಗಬೇಕಿದ್ದವರು ಅಲ್ಲಿಗೆ ಹೋಗಿ ಬಂದಿದ್ದ ಒಬ್ಬ ಸದಸ್ಯರು; ಅವರಿಗೆ ಕಾಮಾಲೆ. ಅದಕ್ಕೇ ನಾನು.

“ಇದರಲ್ಲಿ ಇದ್ದದ್ದನ್ನೆಲ್ಲ ನೀನು ಕೇಳಬೇಕು” ಎಂದು ಸಾಹೇಬರು ಒಂದು ಹಾಳೆ ಕೊಟ್ಟರು. ಓದುತ್ತ ಬಂದೆ. ಯಂತ್ರದ ಭಾಗ, ಬಣ್ಣ, ಕೃತಕ ನೂಲು. ಕೊನೆಯ ಸಾಲು: ಕೊಡೆಯ ಕಡ್ಡಿ.

ಆ ಸಾಲನ್ನು ಇನ್ನೊಮ್ಮೆ ಓದಿದೆ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಗಾಳೆ ಎನ್ನುವ ಒಂದು ಸಣ್ಣ ಕಾರ್ಖಾನೆ ಕೋಣೆಯಲ್ಲಿ, ನನ್ನ ಭಾವ ಕೊಡೆಯ ಕಡ್ಡಿ ಮಾಡುತ್ತಿದ್ದ. ಮೊದಲು ಅವನಿದ್ದದ್ದು ಬಟ್ಟೆ ಮಿಲ್ಲಿನಲ್ಲಿ. ಹತ್ತಿಯ ಧೂಳು ಎದೆಗೆ ಇಳಿದು, ಒಂದು ಮಹಡಿ ಹತ್ತಿದರೆ ಉಸಿರು ಸಿಕ್ಕಿಕೊಳ್ಳುವಂತಾಗಿ, ಸಯನ್ ಆಸ್ಪತ್ರೆಯ ಡಾಕ್ಟರು ‘ಇನ್ನೊಮ್ಮೆ ಮಿಲ್ಲಿನ ಒಳಗೆ ಹೋದರೆ ನನ್ನ ಹತ್ತಿರ ಬರಬೇಡ’ ಎಂದಿದ್ದರು. ಈ ಕಡ್ಡಿಯ ಕೆಲಸ ಸಿಕ್ಕಿದ್ದು ಆಮೇಲೆ. ಅಕ್ಕ ಅವನ ಉಸಿರಿನ ಸದ್ದು ಕೇಳುತ್ತ ಮಲಗುವುದನ್ನು ಬಿಟ್ಟು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹೊರಗಿನ ಕಡ್ಡಿ ಅಗ್ಗವಾಗಿ ಬಂದರೆ ಆ ಗಾಳೆ ಮುಚ್ಚುತ್ತದೆ. ಮುಚ್ಚಿದರೆ ಅವನಿಗೆ ಗೊತ್ತಿದ್ದ ಇನ್ನೊಂದು ಕೆಲಸ ಮಿಲ್ಲು.

“ಸರ್, ಈ ಕೊನೇದು ಬಿಟ್ಟು ಕೇಳ್ಲೇನ್ರಿ?”

“ಬಿಡುದು ಹೇಗೆ? ನೀನು ಇಲ್ಲಿ ಬಿಟ್ರೆ ಅವರು ಅಲ್ಲಿ ಬಿಡ್ತಾರಾ? ಇಲ್ಲಿ ಕೇಳಿದ್ರೆ ತಾನೆ ನಮ್ಮವರು ಉತ್ತರ ಕಲಿತುಕೊಂಡು ಹೋಗುದು?”

“ಉತ್ತರ ಸಿಗದಿದ್ರ?”

“ಸಿಗದಿದ್ರೆ ಕೊಡುಗೆಯ ಪಟ್ಟಿಗೆ ಹಾಕ್ತಾರೆ. ಏನಾದ್ರೂ ಕೊಡ್ಲೇಬೇಕಲ್ಲ ಮಾರಾಯಾ, ಬರಿಗೈಯಲ್ಲಿ ಹೋಗ್ಲಿಕ್ಕೆ ಆಗ್ತದಾ? ನಮ್ಮ ಸದಸ್ಯರಲ್ಲಿ ಕಡ್ಡಿ ಮಾಡುವವರು ಯಾರೂ ಇಲ್ಲ. ಬೊಬ್ಬೆ ಹಾಕುವವರಿಲ್ಲ.”

ಹಗುರವಾಗಿ ಕೇಳಿದರೆ ನಮ್ಮವರು ಸಿದ್ಧರಾಗದೆ ಹೋಗಿ ಅಲ್ಲಿ ಸೋಲುತ್ತಾರೆ. ಗಟ್ಟಿಯಾಗಿ ಕೇಳಿದರೆ ಇಲ್ಲೇ ಸೋಲುತ್ತಾರೆ. ಅಂದು ಸಂಜೆ ಲೋಕಲಿನಲ್ಲಿ ನಿಂತು ಎರಡನ್ನೂ ತಿರುಗಿಸಿ ಮುರುಗಿಸಿ ನೋಡುತ್ತ ಇಳಿಯಬೇಕಾದ ಸ್ಟೇಷನ್ ದಾಟಿಹೋದೆ.

ಭಾನುವಾರ ಕಾಂದಿವಲಿಗೆ ಹೋದೆ. ಅಕ್ಕ ಚಹಾ ಕೊಟ್ಟು ಎದುರು ಕೂತು ನನ್ನ ಮುಖವನ್ನೇ ನೋಡಿದಳು.

“ಯಾಕೋ ತಮ್ಮಾ, ಬಂದು ಇಷ್ಟೊತ್ತಾತು, ಯಾರ್ದೂ ನಕಲಿ ಮಾಡ್ಲಿಲ್ಲಲ್ಲ? ಅವ್ವಗ ಆರಾಮ ಐತಿಲ್ಲೋ?”

“ಅವ್ವ ಆರಾಮ ಅದಾಳ. ನಿನ್ನೆನೂ ಬಾಜೂದಾಕಿ ಜೋಡಿ ಜಗಳಾಡ್ಯಾಳ.”

“ಮತ್ತ ನಿನಗೇನ್ ದಾಡಿ? ಮಾರಿ ನೋಡು, ಪರೀಕ್ಷಾ ಫೇಲಾದವ್ರಂಗ.”

ಆಫೀಸಿನ ಮಾತು ಹೊರಗೆ ಆಡಬಾರದು. ಆದರೂ ಭಾವನನ್ನು ಕೇಳಿದೆ, ಯಾವುದೋ ಪೇಪರಿನಲ್ಲಿ ಓದಿದವನ ಹಾಗೆ: “ಮಾಮಾ, ಹೊರದೇಶದ ಛತ್ರಿ ಕಡ್ಡಿ ಬಂದ್ರ ನಿಮ್ಮ ಶೇಠ್ ಏನ್ ಮಾಡ್ತಾನ?”

ಭಾವ ನಗುತ್ತಾನೆ ಎಂದುಕೊಂಡಿದ್ದೆ. ಅವನು ಬೀಡಿ ಬಿಟ್ಟ ಮೇಲೆ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದ ಲವಂಗವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. “ಯಾರ ಹೇಳಿದ್ರು ನಿನಗ? ಖರೇನ? ಹಂಗಿದ್ರ ಮಿಲ್ಲಿನ್ಯಾಗ ಮಂದೀನ ಕೆಲಸಕ್ಕ ತಗೊಳ್ಳೋ ಜಾಬರ್‌ನ ನಾ ಈಗ ಕಂಡು ಬರಾಕ ಬೇಕು. ಆಮ್ಯಾಲ ಹೋದ್ರ ಬದಲಿ ಕೆಲಸಾನೂ ಸಿಗಂಗಿಲ್ಲ.”

“ಮಿಲ್ಲಿನ ಹೆಸರು ತಗೀಬ್ಯಾಡ್ರಿ ನೀವು!” ಎಂದು ಅಕ್ಕ ಚೀರಿದಳು. ಅವಳು ಹಾಗೆ ಚೀರಿದ್ದನ್ನು ನಾನು ಕೇಳಿರಲಿಲ್ಲ. ಆ ದನಿಯನ್ನು ಅಣಕಿಸಲು ನನಗೆ ಇವತ್ತಿಗೂ ಬರುವುದಿಲ್ಲ.

ರಿಹರ್ಸಲಿನ ದಿನ ಶಾಲು ಹೊದೆಸಿದ ಕುರ್ಚಿಯಲ್ಲಿ ದಿಲ್ಲಿಯ ಅಧಿಕಾರಿ ಕೂತಿದ್ದರು. ತೆಳ್ಳನೆಯ ಮನುಷ್ಯ, ಕಡಿಮೆ ಮಾತು. ಅವರು ಆಡುತ್ತಿದ್ದುದು ಇಂಗ್ಲಿಷು ಮತ್ತು ಹಿಂದಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಕಪಕ್ಕ ನಮ್ಮ ಸದಸ್ಯರು, ಭಾರತದ ಪರ. ಎದುರಿಗೆ ನಾನೊಬ್ಬನೇ, ಸಾಹೇಬರ ಟೈ ಕಟ್ಟಿಕೊಂಡು. ನಮ್ಮವರು ಉತ್ತರ ಕಲಿಯಲಿ ಎಂದು ಗಟ್ಟಿಯಾಗಿಯೇ ಕೇಳುವುದೆಂದುಕೊಂಡಿದ್ದೆ.

ನಾನು ಕೊರಿಯಾದವರನ್ನು ಕಂಡವನೇ ಅಲ್ಲ. ಕಾಣದವರ ನಕಲು ಮಾಡುವುದು ಹೇಗೆ? ಕಂಡವರಲ್ಲಿ ಚೌಕಾಸಿಗೆ ನಿಂತರೆ ನನಗೆ ಅತ್ಯಂತ ಹೆದರಿಕೆ ಹುಟ್ಟಿಸುವವರು ಯಾರು ಎಂದು ಯೋಚಿಸಿದೆ. ಉತ್ತರ ಸುಲಭ. ಟೈ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ಅವ್ವನಾದೆ.

ದಾದರಿನ ಮಾರ್ಕೆಟ್ಟಿನಲ್ಲಿ ಅವ್ವನ ಕ್ರಮ ಹೀಗೆ. ಅವಳಿಗೆ ಬೇಕಾದದ್ದು ಬದನೆಕಾಯಿ. ಅದರ ಕಡೆ ನೋಡುವುದೇ ಇಲ್ಲ. ಹೂಕೋಸು ಎತ್ತಿ, ತಿರುಗಿಸಿ, ಹುಳ ಹುಡುಕಿ, ಬೆಲೆಗೆ ಜಗಳ ತೆಗೆದು, ಮಾರುವವನು ಬೆವರುವ ತನಕ ಬಿಡುವುದಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು, ಅವನಿಗೇ ಉಪಕಾರ ಮಾಡುವವಳಂತೆ, “ಅದು ಬ್ಯಾಡ ಬಿಡಪ್ಪಾ, ಇದನ್ನರ ಕೊಡು” ಎಂದು ಬದನೆಕಾಯಿಗೆ ಕೈ ಹಾಕುತ್ತಾಳೆ.

ಯಂತ್ರದ ಭಾಗ ಕೇಳಿದೆ. ಇಲ್ಲ ಎಂದರು. ಹುಬ್ಬು ಏರಿಸಿ, ಸ್ನೇಹವೆಂದರೆ ಇದೇನಾ ಎಂದೆ. ಬಣ್ಣ ಕೇಳಿದೆ. ಬಣ್ಣದ ಸದಸ್ಯರು ಮೇಜು ಗುದ್ದಿದರು. ಕೃತಕ ನೂಲಿಗೆ ಬಂದಾಗ ಅರ್ಧ ಕೋಣೆ ಎದ್ದು ನಿಂತಿತು. ಹಾಳೆ ಮಡಚಿ ಎದ್ದು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ; ಅವ್ವ ಬುಟ್ಟಿ ಎತ್ತಿಕೊಂಡು ಹೊರಟಂತೆ. ಬಾಗಿಲ ಕಡೆಗೆ ತಿರುಗಿದವನು ನಿಂತು, ನಿಟ್ಟುಸಿರಿಟ್ಟು ಹೇಳಿದೆ: “ಹೋಗಲಿ, ಕೊಡೆಯ ಕಡ್ಡಿಯನ್ನಾದರೂ ಕೊಡಿ.”

“ಕಡ್ಡೀನಾ? ತಗೊಳ್ಳಿ, ತಗೊಳ್ಳಿ!” ಎಂದು ಬಣ್ಣದವರು, ನೂಲಿನವರು, ಬೀಗದವರು ಒಟ್ಟಿಗೇ ಹೇಳಿದರು. ಒಬ್ಬರು ನನಗೆ ಕೈ ಕುಲುಕಿದರು. ಯಾರೋ ಚಹಾ ತರಿಸಿ ಎಂದರು.

ನನ್ನ ಕಿವಿಯಲ್ಲಿ ಅಕ್ಕನ ಚೀರು. ಜೀವನದಲ್ಲಿ ಮೊದಲ ಸಲ ನನ್ನ ನಕಲು ಇಷ್ಟು ಚೆನ್ನಾಗಿ ನಡೆದಿತ್ತು. ಮೊದಲ ಸಲ ಅದು ನಡೆಯದೆ ಹೋಗಬೇಕಿತ್ತು ಎನ್ನಿಸಿತು.

ಅಧಿಕಾರಿ ಮಾತ್ರ ನಗಲಿಲ್ಲ. “ಕಡ್ಡಿ ಮಾಡುವವರು ಇಲ್ಲಿ ಯಾರಿದ್ದೀರಿ?” ಯಾರೂ ಇಲ್ಲ. “ಅವರನ್ನು ಕೇಳದೆ ಕೊಟ್ಟೆವೇ? ಯಾರಿಗಾದರೂ ಒಬ್ಬರು ಗೊತ್ತೇ?”

ಕೊರಿಯಾ ಕೈ ಎತ್ತಿತು. “ಸರ್... ನನ್ನ ಅಕ್ಕನ ಗಂಡ.”

ಅವರು ನನ್ನ ಕಡೆ ತಿರುಗಿದರು. “ಹಾಗಾದರೆ ನೀನು ಈಗ ತೆಗೆದುಕೊಂಡದ್ದು ನಿನ್ನ ಅಕ್ಕನ ಮನೆಯದನ್ನೇ. ನಾಳೆ ಅವರ ಮಾಲೀಕರನ್ನು ಕರೆದುಕೊಂಡು ಬಾ. ಅವರ ಮಾತು ಕೇಳಿ ಬರೆಯುತ್ತೇನೆ.”

ಮರುದಿನ ಶೇಠ್ ಬಂದರು. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಕೈಯಲ್ಲಿ ಪೇಢೆಯ ಡಬ್ಬಿ. ಹಿಂದೆ ಕಡ್ಡಿಗಳ ಕಟ್ಟು ಹೊತ್ತು ನನ್ನ ಭಾವ, ಮೆಟ್ಟಿಲು ಹತ್ತಿ ಬಂದು ಉಸಿರು ಹಿಡಿಯುತ್ತ. ನಾನು ಮೂಲೆಯಲ್ಲಿ ಶಾರ್ಟ್‌ಹ್ಯಾಂಡಿಗೆ ಕೂತಿದ್ದೆ.

ಆ ಎಸ್ಟೇಟಿನ ಶೇಠ್‌ಗಳ ಕಸುಬನ್ನು ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಅವರು ಹುಟ್ಟಿದಾಗಿನಿಂದ ಒಂದೇ ಕಲಿತವರು: ಬಂದವನು ಯಾರೇ ಆಗಲಿ, ಅವನು ಗಿರಾಕಿ. ಗಿರಾಕಿಯ ಮುಂದೆ ನಮ್ಮ ಮಾಲು ಸೋತಿತು ಎನ್ನಬಾರದು.

“ಹೊರಗಿನ ಕಡ್ಡಿ ಬಂದರೆ ನಿಮಗೆ ತೊಂದರೆಯೇ?” ಎಂದು ಅಧಿಕಾರಿ ಕೇಳಿದರು.

“ತಕ್ಲೀಫ್? ಅರೆ ಸಾಬ್!” ಶೇಠ್ ಒಂದು ಕಡ್ಡಿ ಎಳೆದು ಬಿಲ್ಲಿನಂತೆ ಬಗ್ಗಿಸಿದರು. “ಅಪನಾ ಮಾಲ್ ಏಕ್‌ದಮ್ ಫಸ್ಟ್ ಕ್ಲಾಸ್! ಜಪಾನ್ ಆನೇ ದೋ, ಕೊರಿಯಾ ಆನೇ ದೋ, ಅಪುನ್ ಕಿಸೀಸೆ ಡರತಾ ನಹೀ!”

“ಯಾರಿಗೂ ಹೆದರುವುದಿಲ್ಲ?”

“ಬಿಲ್ಕುಲ್ ನಹೀ! ಪೇಢಾ ಲೀಜಿಯೇ.”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಹೆದರಿಕೆ ಇಲ್ಲದವರಿಗೆ ಸುಂಕದ ಆಸರೆ ಯಾಕೆ ಬೇಕು? ಅವರು ಏನು ಬರೆಯಲಿದ್ದಾರೆ ಎಂದು ನನಗೆ ಮೂಲೆಯಿಂದಲೇ ಗೊತ್ತಾಗುತ್ತಿತ್ತು. ಶೇಠ್ ಮಾತ್ರ ಆರ್ಡರ್ ಸಿಕ್ಕಿತು ಎನ್ನುವ ಮುಖದಲ್ಲಿ ಡಬ್ಬಿ ಮುಂದೆ ಸರಿಸುತ್ತಿದ್ದರು. ನನ್ನ ಬಾಯಲ್ಲಿ ಎಲ್ಲರ ದನಿಯೂ ಇತ್ತು, ಹೊರಡಿಸಲು ಒಂದೂ ಸಿಗಲಿಲ್ಲ.

“ಸಾಬ್” ಎಂದದ್ದು ಭಾವ. ಕಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದ. “ಮೇರೆಕು ಡರ್ ಲಗತಾ.”

ಶೇಠ್ ಹೊರಳಿ ನೋಡಿದರು. “ಚುಪ್ ಬೈಠ್ ರೇ!”

“ಹೇಳಲಿ” ಎಂದರು ಅಧಿಕಾರಿ. “ಯಾತರ ಹೆದರಿಕೆ?”

ಭಾವನ ಹಿಂದಿ ಅಲ್ಲಿಗೆ ಮುಗಿದಿತ್ತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. “ಶೇಠ್‌ಗೂ ಅಂಜಿಕೀನ ಐತಿ ಅಂತ ಹೇಳೋ. ನಿನ್ನೆ ನೀ ಹೇಳಿ ಹೋದಾಗಿಂದ ಊಟಾ ಮಾಡಿಲ್ಲ ಆ ಮನಷ್ಯಾ. ಇಲ್ಲಿ ಬಂದು ಶಾಣ್ಯಾತನ ಮಾಡಾಕತ್ಯಾನ. ನಮ್ದು ಮುಚ್ಚಿದ್ರ ನಾ ಮಿಲ್ಲಿಗೆ ಹೋಗಾಕ ಬೇಕು. ಅಲ್ಲಿ ಹೋದ್ರ ನಾ ಉಳಿಯಂಗಿಲ್ಲ.”

ಹೇಳಿದೆ. ಭಾವನ ದನಿಯಲ್ಲಿ ಅಲ್ಲ, ಯಾರ ದನಿಯಲ್ಲೂ ಅಲ್ಲ. ಮಧ್ಯೆ ಎರಡು ಕಡೆ ತಡೆದು ನಿಂತೆ. ಶೇಠ್ ಪೇಢೆಯ ಡಬ್ಬಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಕೊನೆಗೆ “ಹಾಂ ಸಾಬ್, ಥೋಡಾ ಡರ್ ತೋ ಹೈ” ಎಂದರು. ಮನೆಯ ಸಾವಿನ ಸುದ್ದಿ ಹೇಳಿದಷ್ಟು ಕಷ್ಟಪಟ್ಟು.

ಅಧಿಕಾರಿ ಕಡ್ಡಿಗಳನ್ನು ಒಂದೊಂದಾಗಿ ನೋಡಿದರು. “ನೀವು ಮಾಡುವುದು ಈ ಉದ್ದದ ಕಡ್ಡಿ ಮಾತ್ರವೇ? ಮಡಚುವ ಕೊಡೆಯ ಕಡ್ಡಿ ಮಾಡುವುದಿಲ್ಲವೇ?” ಶೇಠ್ ಬಾಯಿ ತೆರೆದರು; ‘ಅದನ್ನೂ ಮಾಡಿಕೊಡುತ್ತೇವೆ’ ಎನ್ನುವುದು ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಅದನ್ನು ನುಂಗಿ ತಲೆಯಾಡಿಸಿದರು, ಇಲ್ಲ ಎಂದು.

“ಹಾಗಾದರೆ ಪಟ್ಟಿಯಲ್ಲಿ ಮಡಚುವ ಕೊಡೆಯ ಕಡ್ಡಿ ಮಾತ್ರ ಇರುತ್ತದೆ. ಉದ್ದದ್ದು ಇಲ್ಲ. ಬ್ಯಾಂಕಾಕಿನಲ್ಲಿ ಏನಾಗುತ್ತದೆ ಎಂದು ನಾನು ಮಾತು ಕೊಡಲಾರೆ” ಎಂದರು. ಪೇಢೆ ತೆಗೆದುಕೊಳ್ಳಲಿಲ್ಲ.

ಅವರು ಹೋಗಿ ಬರುವ ತನಕ ನಮ್ಮ ಎರಡೂ ಮನೆಗಳಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಒಪ್ಪಂದ ಕೊನೆಗೂ ಆಯಿತು. ಅದರ ಪ್ರತಿ ಆಫೀಸಿಗೆ ಬಂದಾಗ ಸಾಹೇಬರು ತಾವೇ ನನ್ನ ಮೇಜಿಗೆ ತಂದು, ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಮಡಚುವ ಕೊಡೆಯವು ಮಾತ್ರ. “ಇನ್ನು ಹೆದರಿಕೆ ಎಂತದು ಮಾರಾಯಾ?” ಎಂದರು.

ಅಕ್ಕನಿಗೆ ಹೇಳಿದೆ, ಅವಳು ಅತ್ತಳು. ಭಾವ ಗಾಳೆಗೆ ಹೋಗುತ್ತಲೇ ಇದ್ದ, ಈಗಲೂ ಹೋಗುತ್ತಾನೆ.

ಅಂದಿನಿಂದ ಮಳೆ ಶುರುವಾಯಿತೆಂದರೆ ನನಗೊಂದು ರೋಗ. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಜನ ನುಗ್ಗಿ ಬರುತ್ತಿರುತ್ತಾರೆ, ನಾನು ಮುಖಗಳನ್ನು ನೋಡುವುದಿಲ್ಲ, ಕೈಗಳನ್ನು ನೋಡುತ್ತೇನೆ. ಉದ್ದದ ಕರಿ ಕೊಡೆ, ಉದ್ದದ್ದು, ಮತ್ತೊಂದು ಉದ್ದದ್ದು. ಆಮೇಲೆ ಕಾಲೇಜಿನ ಹುಡುಗಿಯೊಬ್ಬಳು ಬರುತ್ತಾಳೆ, ಚೀಲದೊಳಗೆ ಕೈ ಹಾಕಿ ಗೇಣುದ್ದದ ಒಂದು ಬಣ್ಣದ ಕೊಡೆ ತೆಗೆದು ಫಟ್ಟೆಂದು ಬಿಚ್ಚುತ್ತಾಳೆ. ಅವಳ ಗೆಳತಿಯರು ಅದನ್ನು ಕೈಗೆ ತೆಗೆದುಕೊಂಡು, ಮಡಚಿ, ಮತ್ತೆ ಬಿಚ್ಚಿ, ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಹೋದ ವರ್ಷ ಇಂಥವರು ಇಷ್ಟು ಮಂದಿ ಇರಲಿಲ್ಲ ಅನ್ನಿಸುತ್ತದೆ. ಆ ಕೊಡೆಗೆ ಭಾವನ ಉದ್ದದ ಕಡ್ಡಿ ಬೇಡ. ಲೋಕಲ್ ಬಂದು ಹೋಗುತ್ತದೆ. ನಾನು ಹತ್ತುವುದನ್ನು ಮರೆತು ಅಲ್ಲೇ ನಿಂತಿರುತ್ತೇನೆ.