ಅವರ ಬಿರುಗಾಳಿ, ನಮ್ಮ ತಗಡು

“ನಾ ದೇವರಿಗಿ ಬಿಟ್ಟು ಓಡಿ ಹೋಗಿದ್ದೆರಿ. ಬಿರುಗಾಳಿದಾಗ ಸಿಕ್ಕಿದ್ದೆ. ಆತನೇ ನನಗ ದಂಡಿಗಿ ಹಚ್ಚಿದ.”

ಹುಮನಾಬಾದಿನ ನಮ್ಮ ಚರ್ಚಿನಲ್ಲಿ ಕಳೆದ ಭಾನುವಾರ ಹೀಗೆ ಸಾಕ್ಷಿ ಹೇಳಿ ಅತ್ತವರು ನನ್ನ ಗಂಡ. ವರ್ಷಗಟ್ಟಲೆ ಬಸವಕಲ್ಯಾಣದಲ್ಲಿ ಇನ್ನೊಬ್ಬಳ ಜೊತೆ ಇದ್ದು, ಈಚೆಗೆ ಮನೆಗೆ ಮರಳಿದ್ದರು. ಸಭೆಯೆಲ್ಲ ‘ಸ್ತೋತ್ರ, ಸ್ತೋತ್ರ’ ಎಂದಿತು. ನನಗೆ ನೆನಪಾದದ್ದು ಬೇರೆಯೇ ಗಾಳಿ. ದುಬಲಗುಂಡಿಯ ನಮ್ಮ ಮನೆಯ ತಗಡು ಹಾರಿಹೋದ ಸಂಜೆ ಇಬ್ಬರು ಮಕ್ಕಳನ್ನು ಮಂಚದ ಕೆಳಗೆ ತಳ್ಳಿ, ಇವರಿಗೆ ಫೋನ್ ಮಾಡುತ್ತಲೇ ಇದ್ದೆ. ಎತ್ತಲೇ ಇಲ್ಲ. ಮರುದಿನ ಯಾರದೋ ಹೊಲದಿಂದ ಆ ತಗಡನ್ನು ಎಳೆದು ತಂದವಳೂ ನಾನೇ.

ದೇವರು ನಿಮ್ಮ ಪ್ರಾರ್ಥನೆ ಕೇಳಿದ್ದಾನೆ, ನೀವೂ ಎರಡು ಮಾತು ಹೇಳಬೇಕು ಎಂದು ಪಾಸ್ಟರ್ ನಗುತ್ತ ನನ್ನನ್ನು ಕರೆದರು. ಎದ್ದು ನಿಂತೆ.

“ಇವರು ಬಿಟ್ಟು ಓಡಿದ್ದು ದೇವರಿಗಲ್ರಿ, ನಮಗ.”

ಯಾರೂ ಸ್ತೋತ್ರ ಎನ್ನಲಿಲ್ಲ.

ಸಭೆಯಲ್ಲಿ ಮರ್ಯಾದೆ ತೆಗೆದೆನೆಂದು ಅವರು ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ದೇವರು ಅವರನ್ನು ಕ್ಷಮಿಸಿದ್ದಾನಂತೆ. ಇರಬಹುದು. ನನ್ನ ಹತ್ತಿರ ಮಾತ್ರ ಅವರು ಇನ್ನೂ ಕ್ಷಮೆ ಕೇಳಿಲ್ಲ.